ರಾತ್ರಿ ಹೊಲಿದ ಪ್ಯಾಂಟು ಬೆಳಿಗ್ಗೆ ಬಿಚ್ಚುವುದಾದರೆ, ಎಂಟಕ್ಕೇ ಬಾಗಿಲು ಹಾಕಲಾ?

ಹದಿನಾಲ್ಕು ಮಷೀನು, ಬಳ್ಳಾರಿ

ನಮ್ಮದು ಸಣ್ಣ ಜೀನ್ಸ್ ಯೂನಿಟ್. ಹದಿನಾಲ್ಕು ಹೊಲಿಗೆ ಮಷೀನು. ದೀಪಾವಳಿ ಮಾಲು ಅಂತ ಒಂದು ತಿಂಗಳಿಂದ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹತ್ತರ ತನಕ ನಡೆಸುತ್ತಿದ್ದೇನೆ. ಟೈಲರ್‌ಗಳಿಗೆ ಪೀಸ್ ರೇಟ್. ಎಷ್ಟು ಹೊಲಿದರೆ ಅಷ್ಟು ದುಡ್ಡು.

ಹೋದ ವಾರ ಸುಮ್ನೆ ನೋಡೋಣ ಅಂತ ರಾತ್ರಿ ಎಂಟರ ಮೇಲೆ ಹೊಲಿದ ಬಂಡಲ್‌ಗಳಿಗೆ ಕೆಂಪು ದಾರ ಕಟ್ಟಿಸಿದೆ. ಮರುದಿನ ಚೆಕಿಂಗ್‌ನಲ್ಲಿ ವಾಪಸ್ ಬಂದ ಪೀಸ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಂಪು ದಾರದವೇ. ಜಿಪ್ ಸೊಟ್ಟ. ಜೇಬು ಒಂದು ಮೇಲೆ, ಒಂದು ಕೆಳಗೆ. ಬಿಚ್ಚಿ ಮತ್ತೆ ಹೊಲಿಯುವುದರಲ್ಲಿ ಬೆಳಗಿನ ಎರಡು ತಾಸು ನನಗೆ ಲಾಸ್. ಎಂಟಕ್ಕೇ ಮುಚ್ಚೋಣ ಅನ್ನಿಸುತ್ತಿದೆ. ಆದರೆ ಮುಚ್ಚಿದರೆ ಟೈಲರ್‌ಗಳು ಪಕ್ಕದ ಓಣಿಯ ಯೂನಿಟ್‌ಗೆ ಹೋಗಿಬಿಡುತ್ತಾರೆ ಅನ್ನುವ ಭಯ. ಅನುಭವ ಇದ್ದವರು ಹೇಳಿ.

ಕೊಪ್ಪಳದ ಲ್ಯಾಪ್‌ಟಾಪ್

ಅಣ್ಣಾ, ನೀವು ಕೆಂಪು ದಾರ ಕಟ್ಟಿ ಕಂಡಿದ್ದನ್ನು ನೂರು ವರ್ಷದ ಹಿಂದೆಯೇ ಬ್ರಿಟನ್‌ನಲ್ಲಿ ಲೆಕ್ಕ ಹಾಕಿದ್ದರು. ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಹೆಂಗಸರು ದುಡಿಯುತ್ತಿದ್ದರು. ಯಾರು ಎಷ್ಟು ತಾಸು ದುಡಿದರು, ಎಷ್ಟು ಮಾಲು ಬಂತು ಅಂತ ಬರೆದಿಟ್ಟಿದ್ದರು. ಸ್ಟ್ಯಾನ್‌ಫರ್ಡ್‌ನ ಜಾನ್ ಪೆಂಕಾವೆಲ್ 2014ರಲ್ಲಿ ಆ ಹಳೇ ಲೆಕ್ಕವನ್ನು ಮತ್ತೆ ತೆಗೆದು ನೋಡಿದರು. ವಾರಕ್ಕೆ ಸುಮಾರು 50 ತಾಸು ದಾಟಿದ ಮೇಲೆ ತಾಸಿನ ಉತ್ಪಾದನೆ ಇಳಿಯುತ್ತದೆ. 70 ತಾಸು ದುಡಿದವರು ಕೊಟ್ಟ ಮಾಲು 56 ತಾಸು ದುಡಿದವರಿಗಿಂತ ಹೆಚ್ಚೇನೂ ಇರಲಿಲ್ಲ. ಮೇಲಿನ 14 ತಾಸು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಗೆ.

ನಾನು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವವನು. ನಮ್ಮಲ್ಲಿ ಇದಕ್ಕೆ ಬರ್ನ್‌ಔಟ್ ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೆ ಮೂರು ಗುರುತು ಹೇಳಿದೆ: ಮೈಯಲ್ಲಿ ತ್ರಾಣ ಇಲ್ಲದಾಗುವುದು, ಕೆಲಸದ ಮೇಲೆ ಮನಸ್ಸು ಮುರಿಯುವುದು, ಕೈಯಿಂದ ಕೆಲಸ ಸಾಗದಿರುವುದು. ಹೋದ ವರ್ಷ ನನಗೆ ಮೂರೂ ಆಗಿತ್ತು.

ಗಂಗಾವತಿ ಮಿಲ್ಲಿನವನು

ಎಲ್ಲದಕ್ಕೂ ಒಂದು ರೋಗದ ಹೆಸರು ಇಡುತ್ತೀರಿ. ನಮ್ಮದು ಅಕ್ಕಿ ಮಿಲ್ಲು. ಸುಗ್ಗಿಯಲ್ಲಿ ಭತ್ತದ ಟ್ರ್ಯಾಕ್ಟರ್ ಗೇಟಿನ ಹೊರಗೆ ಸಾಲುಗಟ್ಟಿ ನಿಂತಿರುತ್ತವೆ. ಹಸಿ ಭತ್ತ. ಒಣಗಿಸದೆ ಬಿಟ್ಟರೆ ಬಿಸಿಯಾಗಿ ಬಣ್ಣ ಕೆಡುತ್ತದೆ, ಆಮೇಲೆ ಮುಗ್ಗಲು ವಾಸನೆ. ಎಂಟು ತಾಸು ಆಯಿತು, ಹೋಗಿ ಬರುತ್ತೇವೆ ಅಂದರೆ ಭತ್ತ ಕೇಳುತ್ತದಾ? ದುಡಿಯುವ ಕಾಲಕ್ಕೆ ದುಡಿಯಬೇಕು. ನಾರಾಯಣಮೂರ್ತಿಯವರು 2023ರಲ್ಲಿ ವಾರಕ್ಕೆ 70 ತಾಸು ಅಂದಾಗ ಎಲ್ಲರೂ ನಕ್ಕಿರಿ. ನಮ್ಮಪ್ಪ ಅದಕ್ಕಿಂತ ಜಾಸ್ತಿ ದುಡಿದಿದ್ದಾರೆ.

ಕೌಲ್ ಬಜಾರ್ ಟೈಲರ್

ಮಿಲ್ಲಿನ ಅಣ್ಣ, ನಿಮ್ಮಪ್ಪನದು ಸ್ವಂತ ಮಿಲ್ಲು. ಹಮಾಲರದು ಮಿಲ್ಲು ಅಲ್ವಲ್ಲ.

ಯೂನಿಟ್ ಅಣ್ಣನಿಗೆ ಒಂದು ಮಾತು. ನಾನು ಹನ್ನೊಂದು ವರ್ಷದಿಂದ ಮಷೀನಿನ ಮೇಲೆ ಕೂತವಳು. ಬಿಚ್ಚಿ ಹೊಲಿಯುವ ಎರಡು ತಾಸು "ನನಗೆ ಲಾಸ್" ಅಂದಿರಿ. ಆ ಎರಡು ತಾಸು ನಿಮ್ಮದಲ್ಲ, ನಮ್ಮದು. ಆಲ್ಟರ್ ಪೀಸಿಗೆ, ಅಂದರೆ ಚೆಕಿಂಗ್‌ನಿಂದ ವಾಪಸ್ ಬಂದ ಪೀಸಿಗೆ, ಯಾವ ಮಾಲೀಕರು ದುಡ್ಡು ಕೊಟ್ಟಿದ್ದಾರೆ? ಪುಕ್ಕಟೆ ಬಿಚ್ಚಿ ಪುಕ್ಕಟೆ ಹೊಲಿಯುತ್ತೇವೆ.

ರಾತ್ರಿ ಯಾಕೆ ತಡ ಆಗುತ್ತದೆ ಅಂತಲೂ ಹೇಳುತ್ತೇನೆ. ಒಂಬತ್ತಕ್ಕೆ ಬಂದು ಕೂರುತ್ತೇವೆ. ಕಟಿಂಗ್ ಮಾಸ್ಟರ್ ಬರುವುದು ಹತ್ತೂವರೆಗೆ. ಬಂಡಲ್ ಕೈಗೆ ಸಿಗುವಾಗ ಹನ್ನೊಂದೂವರೆ. ಮಧ್ಯಾಹ್ನ ಜಿಪ್ ಖಾಲಿ, ಹುಡುಗ ಅಂಗಡಿಗೆ ಓಡುತ್ತಾನೆ. ಆಮೇಲೆ ಕರೆಂಟ್ ಹೋಗುತ್ತದೆ. ಹಿಂಗೆ ಮೂರು ತಾಸು ಗೋಡೆ ನೋಡಿಕೊಂಡು ಕೂತವರು ರಾತ್ರಿ ಹತ್ತರ ತನಕ ಹೊಲಿಯದಿದ್ದರೆ ಮನೆಗೆ ಏನು ಒಯ್ಯಬೇಕು? ದಿನಗೂಲಿ ಇದ್ದಿದ್ದರೆ ನಾವು ಖಾಲಿ ಕೂತಿದ್ದು ಮಾಲೀಕರ ಕಣ್ಣಿಗೆ ಬೀಳುತ್ತಿತ್ತು. ಪೀಸ್ ರೇಟ್‌ನಲ್ಲಿ ನಾವು ಕಾದರೆ ನಿಮಗೆ ಒಂದು ಪೈಸೆ ಖರ್ಚಿಲ್ಲ. ಅದಕ್ಕೇ ಅದನ್ನು ಯಾರೂ ಎಣಿಸುವುದಿಲ್ಲ.

ಆ ಇಂಗ್ಲಿಷ್ ಹೆಸರಿನ ರೋಗಕ್ಕೆ ನಮ್ಮ ಓಣಿಯಲ್ಲಿ ಸೊಂಟನೋವು ಅಂತಾರೆ, ಲ್ಯಾಪ್‌ಟಾಪ್ ತಮ್ಮ.

ಹದಿನಾಲ್ಕು ಮಷೀನು, ಬಳ್ಳಾರಿ

ಅಕ್ಕ, ಚಾಟಿ ಬೀಸಿದಂಗೆ ಆಯಿತು. ಕಟಿಂಗ್ ತಡ ಆಗುವುದು ನನಗೂ ಗೊತ್ತು. ಅದನ್ನೂ ಇದನ್ನೂ ಸೇರಿಸಿ ನೋಡಿರಲಿಲ್ಲ ಅಷ್ಟೇ.

ಹಳೇ ಇನ್‌ಸ್ಪೆಕ್ಟರ್

ನಾನು ಕಾರ್ಮಿಕ ಇಲಾಖೆಯಿಂದ ರಿಟೈರ್ ಆದವನು. ಕೇಳದಿದ್ದರೂ ಕಾನೂನು ಹೇಳುವುದು ನನ್ನ ಚಾಳಿ, ಬೇಸರ ಮಾಡಿಕೊಳ್ಳಬೇಡಿ.

2025ರ ನವೆಂಬರ್ ತನಕ ಜಾರಿಯಲ್ಲಿದ್ದ 1948ರ ಫ್ಯಾಕ್ಟರಿ ಕಾಯ್ದೆ ಹೇಳಿದ್ದು ದಿನಕ್ಕೆ 9 ತಾಸು, ವಾರಕ್ಕೆ 48. ಅದರ ಮೇಲೆ ದುಡಿಸಿದರೆ ಎರಡು ಪಟ್ಟು ಕೂಲಿ. 2023ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ ಬಂತು. ದಿನಕ್ಕೆ 12 ತಾಸಿನ ತನಕ ದುಡಿಸಬಹುದು ಅಂದಿತು, ಓಟಿಯ, ಅಂದರೆ ಹೆಚ್ಚುವರಿ ದುಡಿಮೆಯ ಮಿತಿಯನ್ನು ಮೂರು ತಿಂಗಳಿಗೆ 75 ತಾಸಿನಿಂದ 145ಕ್ಕೆ ಏರಿಸಿತು. ಊರಲ್ಲಿ ಎಲ್ಲರಿಗೂ ಆ 12 ನೆನಪಿದೆ. ವಾರದ 48 ಹಾಗೇ ಉಳಿದಿದೆ ಅನ್ನುವುದು ಯಾರಿಗೂ ನೆನಪಿಲ್ಲ. ಹನ್ನೆರಡು ತಾಸಿನಂತೆ ನಾಲ್ಕು ದಿನ ದುಡಿದರೆ ವಾರ ಮುಗಿಯಿತು. ಆರೂ ದಿನ ಹನ್ನೆರಡು ಅಂತಲ್ಲ.

ಇನ್ನೊಂದು ಮಾತು, ಇದನ್ನು ಟೈಲರ್ ತಾಯಿ ಗಮನಿಸಬೇಕು. ಪೀಸ್ ರೇಟ್‌ನವರಿಗೆ ಓಟಿ ಇಲ್ಲ ಅಂತ ನನ್ನ ಸರ್ವಿಸ್ ಪೂರ್ತಿ ಮಾಲೀಕರ ಬಾಯಲ್ಲಿ ಕೇಳಿದ್ದೇನೆ. ಅದೇ ಕಾಯ್ದೆಯ 59ನೇ ಕಲಂ ಓದಿ. ಹಿಂದಿನ ತಿಂಗಳು ದುಡಿದ ದಿನಗಳ ಸರಾಸರಿ ಗಳಿಕೆ ತೆಗೆದು, ಅದರ ಮೇಲೆ ಡಬಲ್ ಕೊಡಬೇಕು ಅಂತಿತ್ತು.

ಗಂಗಾವತಿ ಮಿಲ್ಲಿನವನು

ಸಾಹೇಬರೇ, ಹಂಗೆ ಕೊಟ್ಟರೆ ಸಣ್ಣ ಯೂನಿಟ್‌ಗಳು ಬಾಗಿಲು ಹಾಕುತ್ತವೆ. ಕಾಗದದ ಮೇಲೆ ಎಲ್ಲ ಚೆಂದ.

ಸಂಡೂರು ಟಿಪ್ಪರ್

ಕಾಗದ ಬಿಡ್ರಿ, ರಸ್ತೆ ಮಾತು ಹೇಳುತ್ತೇನೆ. ಆರು ವರ್ಷ ಅದಿರು ಲಾರಿ ಓಡಿಸಿದೆ. ಟ್ರಿಪ್ ಲೆಕ್ಕ, ಅದೂ ಒಂಥರಾ ಪೀಸ್ ರೇಟೇ. ಒಂದು ರಾತ್ರಿ ಮೂರರ ಸುಮಾರಿಗೆ ಮುಂದಿನ ಗಾಡಿಯ ಕೆಂಪು ದೀಪ ಕಾಣುತ್ತಿದೆ, ಕಾಲು ಮಾತ್ರ ಬ್ರೇಕಿಗೆ ಹೋಗುತ್ತಿಲ್ಲ. ಕ್ಲೀನರ್ ಹುಡುಗ ಚೀರಿದ್ದಕ್ಕೆ ಉಳಿದೆವು. ಬೆಳಿಗ್ಗೆ ಗಾಡಿ ಓನರ್ ಕೇಳಿದ್ದು "ಇವತ್ತು ಇನ್ನೊಂದು ಟ್ರಿಪ್ ಆಗುತ್ತದಾ?" ಅಂತ.

ಆಮೇಲೆ ಒಂದು ತರಬೇತಿಯಲ್ಲಿ ಕೇಳಿದೆ. ಒಂದೇ ಸಮ 17 ತಾಸು ಎಚ್ಚರ ಇದ್ದವನ ಕೈಕಾಲು, ರಕ್ತದಲ್ಲಿ ನೂರು ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯ ಇದ್ದವನಷ್ಟೇ ನಿಧಾನ ಆಗುತ್ತವಂತೆ. ನಮ್ಮ ದೇಶದಲ್ಲಿ 30 ದಾಟಿದರೆ ಕೇಸು. ಪೊಲೀಸರು ನನ್ನ ಬಾಯಿ ಊದಿಸಿದ್ದರೆ ಮೀಟರ್ ಸೊನ್ನೆ ತೋರಿಸುತ್ತಿತ್ತು, ಅಲ್ವಾ?

ರಾಯಚೂರಿನ ಗುಮಾಸ್ತೆ

ನಮ್ಮ ಬಿಸಿಲಿನ ಟೈಮಿಂಗ್ ಯಾರಿಗೂ ನೆನಪಾಗಲಿಲ್ಲವಲ್ಲ! ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರ್ಕಾರಿ ಆಫೀಸು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಐದೂವರೆ ತಾಸು. ರಾಯಚೂರು, ಕೊಪ್ಪಳ, ಬಳ್ಳಾರಿ ಎಲ್ಲಕ್ಕೂ. ಬೆಂಗಳೂರಿನ ಗೆಳತಿಯರು "ನಿಮ್ಮದು ಆರಾಮ" ಅಂತಾರೆ. ಇಲ್ಲಿಯ ಮೇ ತಿಂಗಳಲ್ಲಿ ಮಧ್ಯಾಹ್ನ ಎರಡಕ್ಕೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಲಿ, ಗೊತ್ತಾಗುತ್ತದೆ.

ಆ ಎರಡು ತಿಂಗಳು ನನ್ನ ಟೇಬಲ್ಲಿನ ಫೈಲು ನಿಲ್ಲುವುದಿಲ್ಲ. ಜನ ಬೆಳಿಗ್ಗೆ ಎಂಟಕ್ಕೇ ಬರುತ್ತಾರೆ. ಚಹಾಕ್ಕೆ ಅಂತ ಎದ್ದು ಹೋದವರು ಒಂದು ತಾಸು ಕಾಣೆಯಾಗುವುದಿಲ್ಲ. ಆದರೂ ನಿಜ ಹೇಳಬೇಕು: ಮೀಟಿಂಗು, ಸ್ಥಳ ತನಿಖೆ ಇಂಥವು ಜೂನ್‌ಗೆ ಹೋಗುತ್ತವೆ. ಅಷ್ಟೇ ತಾಸಿನಲ್ಲಿ ಎಲ್ಲ ಕೆಲಸವೂ ಆಗುತ್ತದೆ ಅಂತ ನಾನು ಹೇಳಲಾರೆ. ಖಾಲಿ ಹೊತ್ತು ಕಡಿಮೆ ಆಗುತ್ತದೆ, ಅದಂತೂ ಖರೆ.

ಕೊಪ್ಪಳದ ಲ್ಯಾಪ್‌ಟಾಪ್

ಅಕ್ಕಾರ, ನಿಮ್ಮದು ಪಗಾರ. ಐದೂವರೆ ತಾಸಿಗೂ ಅದೇ ಪಗಾರ. ಟೈಲರ್ ಅಕ್ಕನಿಗೆ ತಾಸು ಕಡಿಮೆ ಅಂದರೆ ದುಡ್ಡೂ ಕಡಿಮೆ. ನಾನೂ ಮೊದಲು ಇದನ್ನು ಯೋಚಿಸದೆ ಬರೆದೆ, ಒಪ್ಪುತ್ತೇನೆ. ಮಿಲ್ಲಿನ ಅಣ್ಣನ ಸುಗ್ಗಿಯ ಮಾತೂ ತಪ್ಪಲ್ಲ. ಎರಡು ವಾರ ಎಳೆದರೆ ಮೈ ತಡೆಯುತ್ತದೆ. ಆದರೆ ಸುಗ್ಗಿ ವರ್ಷಪೂರ್ತಿ ಆದರೆ? ವಿಶ್ವ ಆರೋಗ್ಯ ಸಂಸ್ಥೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಲೆಕ್ಕ ಕೊಟ್ಟವು. ವಾರಕ್ಕೆ 55 ತಾಸು ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35–40 ತಾಸಿನವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು 35 ಪರ್ಸೆಂಟ್ ಜಾಸ್ತಿ.

ಗಂಗಾವತಿ ಮಿಲ್ಲಿನವನು

ನಮ್ಮಪ್ಪನಿಗೆ ಐವತ್ತೆಂಟಕ್ಕೆ ಒಂದು ಕಡೆ ಕೈ ಬಿದ್ದಿತು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನಾನೇನೂ ಒಪ್ಪುವುದಿಲ್ಲ. ಸುಮ್ನೆ ಹೇಳಿದೆ.

ಹದಿನಾಲ್ಕು ಮಷೀನು, ಬಳ್ಳಾರಿ

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಕಟಿಂಗ್ ಮಾಸ್ಟರ್‌ಗೆ ಸಂಜೆಯೇ ನಾಳೆಯ ಕಟಿಂಗ್ ಮುಗಿಸಿ ಹೋಗು ಅಂದೆ. ಎರಡು ದಿನ ಮುಖ ಊದಿಸಿಕೊಂಡ. ಜಿಪ್, ದಾರ, ಬಟನ್ ರಾತ್ರಿಯೇ ಎಣಿಸಿ ಇಡುತ್ತೇವೆ. ಅರ್ಧ ತಾಸಿಗಿಂತ ಜಾಸ್ತಿ ಟೈಲರ್‌ಗಳು ಕಾಯಬೇಕಾದರೆ ಕಾದಿದ್ದಕ್ಕೂ ದುಡ್ಡು ಅಂತ ಬೋರ್ಡಿನ ಮೇಲೆ ಬರೆದೆ. ಮೊದಲ ದಿನ ಕೊಡುವಾಗ ಹೊಟ್ಟೆ ಉರಿಯಿತು. ಈಗ ಬಂಡಲ್ ಒಂಬತ್ತೂಕಾಲಿಗೆ ಮಷೀನಿನ ಹತ್ತಿರ ಇರುತ್ತದೆ. ಎಂಟಕ್ಕೆ ಮುಚ್ಚುತ್ತೇನೆ. ಪೀಸ್ ಲೆಕ್ಕ ಮೊದಲಿಗಿಂತ ಚೂರು ಕಡಿಮೆ ಇದೆ, ಆಲ್ಟರ್ ಬಹಳ ಇಳಿದಿದೆ. ಒಬ್ಬ ಟೈಲರ್ ಮಾತ್ರ ಪಕ್ಕದ ಓಣಿಗೆ ಹೋದ. ಇನ್‌ಸ್ಪೆಕ್ಟರ್ ಸಾಹೇಬರೇ, ಎಂಟಕ್ಕೆ ಮುಚ್ಚಿದರೂ ನಿಮ್ಮ ಒಂಬತ್ತು ತಾಸು ಮೀರುತ್ತದೆ, ಗೊತ್ತು. ಡಬಲ್ ಓಟಿಯ ಲೆಕ್ಕ ಇನ್ನೂ ಮಾಡಿಲ್ಲ, ಬೈಯಬೇಡಿ.

ಹಳೇ ಇನ್‌ಸ್ಪೆಕ್ಟರ್

ಬೈಯುತ್ತಿದ್ದೇನೆ.

ಕೌಲ್ ಬಜಾರ್ ಟೈಲರ್

ಆಲ್ಟರ್ ಪೀಸಿಗೆ ದುಡ್ಡು?

ಹದಿನಾಲ್ಕು ಮಷೀನು, ಬಳ್ಳಾರಿ

ಕಟಿಂಗ್ ತಪ್ಪಿದ್ದರೆ ನನ್ನದು. ಹೊಲಿಗೆ ತಪ್ಪಿದ್ದರೆ ಅವರದು. ಸದ್ಯಕ್ಕೆ ಇಷ್ಟು ಅಕ್ಕ.

ಕೌಲ್ ಬಜಾರ್ ಟೈಲರ್

ಆಯಿತು. ಹೋದವನ ಜಾಗ ಖಾಲಿ ಇದೆಯಾ? ನಮ್ಮ ನಾದಿನಿಗೆ ಓವರ್‌ಲಾಕ್ ಹೊಲಿಗೆ ಬರುತ್ತದೆ. ಎಂಟಕ್ಕೆ ನಿಜವಾಗಲೂ ಬಿಡುತ್ತೀರಾ, ಅದನ್ನು ಮೊದಲು ಹೇಳಿ.