ಸೌರ, ಪವನ ವಿದ್ಯುತ್ತಿನ ‘ಕರ್ಟೈಲ್‌ಮೆಂಟ್’ಗೆ ‘ಕಡಿತ’ ಎನ್ನಬಹುದೇ?

ಮಾನ್ಯರೇ,

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ದರ ಪರಿಷ್ಕರಣೆಗೆ ಮುನ್ನ ನಡೆಸುವ ಸಾರ್ವಜನಿಕ ವಿಚಾರಣೆಗಳಲ್ಲಿ ಮಾತನಾಡಬಯಸುವ ರೈತರಿಗೂ ಗೃಹಬಳಕೆಯ ಗ್ರಾಹಕರಿಗೂ ನೆರವಾಗಲೆಂದು ಒಂದು ಕೈಪಿಡಿಯನ್ನು ಬರೆಯುತ್ತಿದ್ದೇನೆ. ಅದರಲ್ಲಿ ಮತ್ತೆ ಮತ್ತೆ ಬರುವ ‘ಕರ್ಟೈಲ್‌ಮೆಂಟ್’ (ಸೌರ, ಪವನ ಘಟಕಗಳಿಗೆ ಉತ್ಪಾದನೆ ಇಳಿಸುವಂತೆ ಆದೇಶಿಸುವುದು) ಎಂಬ ಮಾತಿಗೆ ಕನ್ನಡದಲ್ಲಿ ಏನೆನ್ನಬೇಕೆಂಬ ವಿಚಾರದಲ್ಲಿ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲು ಕೈಗೆ ಸಿಗುವ ಪದ ‘ವಿದ್ಯುತ್ ಕಡಿತ’. ಆದರೆ ನಮ್ಮ ಓದುಗರಿಗೆ ವಿದ್ಯುತ್ ಕಡಿತವೆಂದರೆ ಲೋಡ್ ಶೆಡ್ಡಿಂಗ್. ಬೇಡಿಕೆಗೆ ತಕ್ಕಷ್ಟು ವಿದ್ಯುತ್ ಇಲ್ಲದಾಗ ಮನೆಯ ಅಥವಾ ಪಂಪ್‌ಸೆಟ್ಟಿನ ಕರೆಂಟ್ ತೆಗೆಯುವುದು. ಕರ್ಟೈಲ್‌ಮೆಂಟ್ ನಡೆಯುವುದು ಇದಕ್ಕೆ ತದ್ವಿರುದ್ಧವಾದ ಹೊತ್ತಿನಲ್ಲಿ. ಆಷಾಢದಲ್ಲಿ ಗಾಳಿ ಜೋರಾಗಿ ಬೀಸಿ ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ಭರದಿಂದ ತಿರುಗುತ್ತಿರುವಾಗಲೇ ಮಳೆ ಬಂದು ಪಂಪ್‌ಸೆಟ್ಟುಗಳು ನಿಂತು ಬೇಡಿಕೆ ಇಳಿದಿರುತ್ತದೆ. ಇಲ್ಲವೇ ನಡುಮಧ್ಯಾಹ್ನ ಸೌರ ವಿದ್ಯುತ್ ಉಕ್ಕಿ ಬರುವ ಹೊತ್ತಿನಲ್ಲಿ ಅದನ್ನು ಸಾಗಿಸುವ ತಂತಿಮಾರ್ಗ ಸಾಲದಾಗಿರುತ್ತದೆ. ಕಲ್ಲಿದ್ದಲು ಘಟಕಗಳನ್ನು ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಲಾಗದು. ಪೂರ್ತಿ ನಿಲ್ಲಿಸಿದರೆ ಮತ್ತೆ ಚಾಲೂ ಮಾಡಲು ಹಲವು ಗಂಟೆ ಹಿಡಿಯುತ್ತದೆ, ಸೂರ್ಯ ಮುಳುಗಿದ ಮೇಲೆ ಅವೇ ಬೇಕು. ಆದ್ದರಿಂದ ವಿದ್ಯುತ್ ಜಾಲದ ಬೇಡಿಕೆ-ಪೂರೈಕೆಗಳನ್ನು ಸರಿದೂಗಿಸುವ ರಾಜ್ಯ ಲೋಡ್ ಡಿಸ್‌ಪ್ಯಾಚ್ ಕೇಂದ್ರವು ಸೌರ, ಪವನ ಘಟಕಗಳಿಗೆ ಉತ್ಪಾದನೆ ಇಳಿಸುವಂತೆ ಸೂಚಿಸುತ್ತದೆ. ಒಟ್ಟಿನಲ್ಲಿ ಒಂದು ಕಡಿತ ಕೊರತೆಯಿಂದ, ಇನ್ನೊಂದು ಹೆಚ್ಚಳದಿಂದ. ಒಂದು ಬಳಸುವವನಿಗೆ, ಇನ್ನೊಂದು ಉತ್ಪಾದಿಸುವವನಿಗೆ. ಎರಡಕ್ಕೂ ಒಂದೇ ಪದ ಬಳಸಿದರೆ ಓದುಗರು ದಾರಿ ತಪ್ಪುವುದು ಖಂಡಿತ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕಿಗೆ ಎಕರೆಗೆ ಇಷ್ಟೆಂದು ಜಮೀನು ಗುತ್ತಿಗೆ ಕೊಟ್ಟ ರೈತರೊಬ್ಬರು ‘ಸೌರ ವಿದ್ಯುತ್ ಕಡಿತ’ ಎಂಬ ತಲೆಬರಹ ಓದಿದರೆ ತಮ್ಮ ಗುತ್ತಿಗೆ ಹಣಕ್ಕೇ ಕುತ್ತು ಬಂತೇ ಎಂದು ಚಿಂತಿಸಬಹುದು. ನಿಜದಲ್ಲಿ ಆ ಹಣಕ್ಕೂ ಆ ದಿನದ ಉತ್ಪಾದನೆಗೂ ಸಂಬಂಧವಿಲ್ಲ.

‘ತಗ್ಗಿಸು’ ಎನ್ನೋಣವೆಂದರೆ, ಆ ಮಾತನ್ನು ಕಲ್ಲಿದ್ದಲು ಘಟಕಗಳಿಗೆ ಮೀಸಲಿಡುವುದು ಲೇಸೆಂದು ನನಗೆ ತೋರುತ್ತದೆ. ರಾಯಚೂರಿನ ಒಂದು ಘಟಕವನ್ನು ತಗ್ಗಿಸಿದರೆ ಅಷ್ಟು ಕಲ್ಲಿದ್ದಲು ಉಳಿಯುತ್ತದೆ. ಲಿಂಗನಮಕ್ಕಿಯಿಂದ ಇಂದು ಹರಿಸದ ನೀರು, ಜಲಾಶಯ ತುಂಬಿ ಹರಿಯದಿದ್ದರೆ, ನಾಳೆಗೆ ಸಿಗುತ್ತದೆ. ಬಿಸಿಲಿಗೂ ಗಾಳಿಗೂ ಈ ಮಾತು ಸಲ್ಲದು. ಅಲ್ಲಿ ಇಂಧನದ ವೆಚ್ಚವೇ ಇಲ್ಲ, ಇರುವುದು ಬಹುಪಾಲು ಬಂಡವಾಳ ಮತ್ತು ಅದರ ಬಡ್ಡಿ. ಆದ್ದರಿಂದ ಉತ್ಪಾದಿಸದೆ ಬಿಟ್ಟ ಪ್ರತಿಯೊಂದು ಯೂನಿಟ್ಟೂ ನೇರ ನಷ್ಟವೇ, ಮತ್ತು ಆ ನಷ್ಟದ ಭಯ ಮುಂದಿನ ಟೆಂಡರುಗಳ ದರದಲ್ಲಿ ಸೇರಿಕೊಳ್ಳುತ್ತದೆ. ‘ಕೋಡಿ’ ಎಂಬ ಸೊಗಸಾದ ಪದವೂ ಮನಸ್ಸಿಗೆ ಬಂದಿತ್ತು. ಆದರೆ ಕೆರೆ ಕೋಡಿ ಬೀಳುವುದು ತಾನಾಗಿ. ಇಲ್ಲಿ ಒಬ್ಬರು ಆದೇಶ ಕೊಡುತ್ತಾರೆ, ಇನ್ನೊಬ್ಬರು ಪಾಲಿಸುತ್ತಾರೆ. ಆದೇಶ ಕೊಟ್ಟವರು ಯಾರು, ಏಕೆ ಎಂಬುದೇ ಇಲ್ಲಿ ಮುಖ್ಯ.

ಮುಖ್ಯ ಏಕೆಂದರೆ ಹಣ ಸಲ್ಲಬೇಕೋ ಬೇಡವೋ ಎಂಬುದು ಕಾರಣವನ್ನು ಅವಲಂಬಿಸಿದೆ. ‘ಮಸ್ಟ್ ರನ್’ ಘಟಕಗಳ (ಎಂದರೆ ಸೌರ, ಪವನದಂಥ, ನಿಲ್ಲಿಸದೆ ನಡೆಸಬೇಕಾದ ಘಟಕಗಳ) ಬಗ್ಗೆ ಕೇಂದ್ರ ಸರ್ಕಾರವು 2021ರ ಅಕ್ಟೋಬರಿನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಜಾಲದ ಸುರಕ್ಷತೆ ಅಥವಾ ತಾಂತ್ರಿಕ ಅಡಚಣೆಯ ಕಾರಣಕ್ಕೆ ಹೊರತಾಗಿ ಇಂಥ ಘಟಕದ ಉತ್ಪಾದನೆಯನ್ನು ಇಳಿಸುವಂತಿಲ್ಲ; ಇಳಿಸಿದರೆ ಖರೀದಿದಾರರು ಒಪ್ಪಂದದ ದರದಲ್ಲಿ ಹಣ ತುಂಬಿಕೊಡಬೇಕು. ಅದೇ ವರ್ಷ ಆಗಸ್ಟಿನಲ್ಲಿ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಯು ತಮಿಳುನಾಡಿನ ಸೌರ ಉತ್ಪಾದಕರ ಪ್ರಕರಣದಲ್ಲಿ, ಜಾಲದ ಸುರಕ್ಷತೆಗೆ ಸಂಬಂಧಿಸದ ಆದೇಶಗಳಿಗೆ ಹಣ ಸಲ್ಲಬೇಕೆಂದೇ ತೀರ್ಪು ನೀಡಿತ್ತು. ಹಾಗಾದರೆ ಕನ್ನಡದಲ್ಲಿ ಸುರಕ್ಷತೆಗಾಗಿ ಬಂದ ಆದೇಶ, ಹಣಕಾಸಿನ ಕಾರಣಕ್ಕೆ ಬಂದ ಆದೇಶ ಎರಡಕ್ಕೂ ಒಂದೇ ಪದವಿಟ್ಟು ‘ಸುರಕ್ಷತಾ’, ‘ವಾಣಿಜ್ಯ’ ಎಂಬ ವಿಶೇಷಣಗಳಿಂದ ಬೇರೆ ಮಾಡುವುದೋ, ಅಥವಾ ಎರಡು ಬೇರೆ ಪದಗಳೇ ಬೇಕೋ? ನನ್ನ ಒಲವು ಮೊದಲನೆಯದರ ಕಡೆಗೆ, ಏಕೆಂದರೆ ಆದೇಶ ಬಂದ ಹೊತ್ತಿನಲ್ಲಿ ಕಾರಣ ಯಾವುದೆಂದು ಉತ್ಪಾದಕರಿಗೂ ಸ್ಪಷ್ಟವಿರುವುದಿಲ್ಲ. ವಿವಾದ ಹುಟ್ಟುವುದೇ ಅಲ್ಲಿ.

ಸದ್ಯಕ್ಕೆ ‘ಉತ್ಪಾದನೆಯ ಮೊಟಕು’ ಎಂದು ಬರೆದಿಟ್ಟಿದ್ದೇನೆ. ಅಧಿವೇಶನ ಮೊಟಕು, ಪ್ರವಾಸ ಮೊಟಕು ಎನ್ನುವಾಗ ನಡೆಯುತ್ತಿದ್ದುದನ್ನು ಯಾರೋ ನಿರ್ಧರಿಸಿ ನಡುವೆ ನಿಲ್ಲಿಸಿದರೆಂಬ ಅರ್ಥ ತಾನಾಗಿ ಹೊಮ್ಮುತ್ತದೆ. ‘ಮೊಟಕುಗೊಳಿಸು’, ‘ಮೊಟಕಾದ ಯೂನಿಟ್ಟುಗಳು’ ಎಂಬ ರೂಪಗಳೂ ಸರಾಗವಾಗಿವೆ. ‘ಉತ್ಪಾದನಾ ಮೊಟಕು’ ಎಂದರೆ ಅರಿಸಮಾಸವಾಗುವುದರಿಂದ ಷಷ್ಠಿಯನ್ನೇ ಉಳಿಸಿಕೊಂಡಿದ್ದೇನೆ. ‘ನಿರ್ಬಂಧ’ ಎಂಬುದು ಕಾನೂನಿನ ಬರವಣಿಗೆಗೆ ಒಗ್ಗುತ್ತದಾದರೂ ಶಾಶ್ವತ ನಿಷೇಧದ ಛಾಯೆ ಅದಕ್ಕಿದೆ.

ಇದರ ಜೊತೆಗೇ ಇನ್ನೊಂದು ಸಂದೇಹ. ಹೀಗೆ ತುಂಬಿಕೊಡುವ ಹಣಕ್ಕೆ ‘ಪರಿಹಾರ’ ಎಂದರೆ ಬರ ಪರಿಹಾರ, ಬೆಳೆ ಪರಿಹಾರಗಳಂತೆ ಸರ್ಕಾರವೇ ಕೊಡುವುದೆಂದು ಓದುಗರು ತಿಳಿಯುವ ಸಂಭವವಿದೆ. ಇದು ಒಪ್ಪಂದದ ಪ್ರಕಾರ ವಿದ್ಯುತ್ ಖರೀದಿಸುವ ಎಸ್ಕಾಂಗಳು (ವಿತರಣಾ ಕಂಪನಿಗಳು) ತೆರುವ ಹಣ. ವಿದ್ಯುತ್ ಖರೀದಿ ವೆಚ್ಚಕ್ಕೆ ಸೇರಿದರೆ ಕೊನೆಗೆ ಗ್ರಾಹಕರ ಬಿಲ್ಲಿಗೇ ಬರುತ್ತದೆ. ವಿಚಾರಣೆಗೆ ಹೋಗುವವರು ಇದನ್ನು ಅರಿತಿರಲೇಬೇಕು. ‘ನಷ್ಟಭರ್ತಿ’ ಎಂದರೆ ಸಾಕೇ, ಅಥವಾ ಒಪ್ಪಂದದ ವ್ಯವಹಾರದಲ್ಲಿ ಬಳಕೆಯಲ್ಲಿರುವ ಬೇರೆ ಪದವಿದೆಯೇ? ಉಪಕೇಂದ್ರಗಳಲ್ಲಿ, ಸೌರ ಘಟಕಗಳಲ್ಲಿ ಕೆಲಸ ಮಾಡುವವರು ಇಂಥ ಆದೇಶ ಬಂದಾಗ ತಮ್ಮತಮ್ಮಲ್ಲಿ ಏನೆನ್ನುತ್ತಾರೆಂದು ಗೊತ್ತಿರುವವರು ತಿಳಿಸಿದರೆ, ಅದು ಕೋಶದಲ್ಲಿ ಇಲ್ಲದ ಮಾತಾದರೂ, ಅದನ್ನೇ ಮೊದಲು ಪರಿಗಣಿಸುತ್ತೇನೆ.