ಪೋಕರ್ ಸರಣಿಯ ಮೊದಲ ವಿಜೇತರನ್ನು ಮತ ಹಾಕಿ ಆರಿಸಿದ್ದು ನಿಜವೇ?

ಪ್ರಶ್ನೆ (ಸರಸ್ವತಿಪುರಂ, ಮೈಸೂರು):
ನಮ್ಮ ಕ್ಲಬ್ಬಿನಲ್ಲಿ ರಮ್ಮಿ ಆಡುವ ಹಿರಿಯರೊಬ್ಬರು, ಪೋಕರ್ ಎಂಬ ಇಸ್ಪೀಟಾಟದ ಪಂದ್ಯ ಸರಣಿಯಾದ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮೊದಲ ವಿಜೇತರನ್ನು ಮತದಾನದಿಂದ ಆರಿಸಲಾಯಿತು ಎನ್ನುತ್ತಾರೆ. ಇದು ನಿಜವೇ? ಈಗಿನ ಪದ್ಧತಿ ಯಾವಾಗ ಬಂತು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಮಂಡ್ಯ):
ಹಿರಿಯರ ಮಾತು ನಿಜ. 1970ರಲ್ಲಿ ಬೆನ್ನಿ ಬಿನಿಯನ್ ಅವರು ಲಾಸ್ ವೇಗಸ್‌ನ ತಮ್ಮ ಹಾರ್ಸ್‌ಶೂ ಕ್ಯಾಸಿನೊಗೆ ಹೆಸರಾಂತ ಆಟಗಾರರನ್ನು ಕರೆಸಿ, ಹಲವು ಬಗೆಯ ಪೋಕರ್ ಆಡಿಸಿದ ಮೇಲೆ, ಆ ಆಟಗಾರರೇ ಮತ ಹಾಕಿ ಜಾನಿ ಮಾಸ್ ಅವರನ್ನು ಶ್ರೇಷ್ಠರೆಂದು ಆರಿಸಿದರು. ಎಲ್ಲರೂ ಸಮನಾದ ಚಿಪ್‌ಗಳೊಂದಿಗೆ (ಹಣದ ಬದಲು ಪಣಕ್ಕಿಡುವ ಬಿಲ್ಲೆಗಳು) ಕೂತು, ಚಿಪ್ ಮುಗಿದವರು ಎದ್ದುಹೋಗುವ ನಿಯಮ 1971ರಲ್ಲಿ ಬಂತು. ಆಗಲೂ ಗೆದ್ದವರು ಮಾಸ್ ಅವರೇ ಆದ್ದರಿಂದ, ಮತ ಹಾಕಿದವರ ಅಂದಾಜು ಸರಿಯಾಗಿಯೇ ಇತ್ತೆನ್ನಬೇಕು. ಮುಖ್ಯ ಪಂದ್ಯದ ಪ್ರವೇಶ ಶುಲ್ಕ 1972ರಲ್ಲಿ 10,000 ಡಾಲರ್ ಆಯಿತು. ಅಚ್ಚರಿಯೆಂದರೆ, ಅರ್ಧ ಶತಮಾನ ಕಳೆದರೂ ಅದು ಅಷ್ಟೇ ಇದೆ.

ಉತ್ತರ (ವಿಜಯನಗರ, ಮೈಸೂರು):
ಇದಕ್ಕೆ ಒಂದು ಮಾತು ಸೇರಿಸುವೆ. ನನ್ನ ದೃಷ್ಟಿಯಲ್ಲಿ ಸರಣಿಯ ನಿಜವಾದ ತಿರುವು 2003. ಟೆನೆಸ್ಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್, ಅಗ್ಗದ ಆನ್‌ಲೈನ್ ಅರ್ಹತಾ ಪಂದ್ಯದಿಂದ ಪ್ರವೇಶ ಪಡೆದು, 839 ಸ್ಪರ್ಧಿಗಳ ನಡುವೆ ಗೆದ್ದು 25 ಲಕ್ಷ ಡಾಲರ್ ಪಡೆದರು. (ಮನೆತನದ ಹೆಸರೇ ಹಾಗಿದೆ, ಕಟ್ಟುಕಥೆಯಲ್ಲ!) ಮರುವರ್ಷ ಸ್ಪರ್ಧಿಗಳು 2,576, 2006ರಲ್ಲಿ 8,773. ಅದೇ ವರ್ಷ ಅಮೆರಿಕವು ಆನ್‌ಲೈನ್ ಜೂಜಿನ ಹಣ ಪಾವತಿಗೆ ಕಡಿವಾಣ ಹಾಕಿದ ಕಾರಣ, 2007ರಲ್ಲಿ ಸಂಖ್ಯೆ 6,358ಕ್ಕೆ ಇಳಿಯಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಪಂದ್ಯಗಳು ಈಗಲೂ ಹಾರ್ಸ್‌ಶೂನಲ್ಲೇ ನಡೆಯುತ್ತವೆಯೇ?

ಉತ್ತರ (ಮಂಡ್ಯ):
ಹಳೆಯ ಕಟ್ಟಡದಲ್ಲಿ ಅಲ್ಲ. 2005ರಲ್ಲಿ ರಿಯೊ ಹೋಟೆಲಿಗೆ ಹೋದ ಸರಣಿ, 2022ರಿಂದ ಲಾಸ್ ವೇಗಸ್‌ನ ಮುಖ್ಯ ಬೀದಿಗೆ ಬಂದಿದೆ. ಅಲ್ಲಿನ ಬ್ಯಾಲೀಸ್ ಹೋಟೆಲಿಗೆ ಬಳಿಕ ಹಾರ್ಸ್‌ಶೂ ಎಂದೇ ಹೆಸರಿಟ್ಟರು.