1.62 ಲಕ್ಷ ಕಿಲೋಮೀಟರ್ ಓಡಿದ ಕಾರಿಗೆ ಇಂಜಿನ್ ಫ್ಲಶ್ ಹಾಕಿಸಬಹುದೇ?

ಹಳೆಬಂಡಿ, ರಾಜಾಜಿನಗರ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 2010ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲೇ ಕೊಂಡ ವ್ಯಾಗನ್ ಆರ್, 998 ಸಿಸಿಯ ಮೂರು ಸಿಲಿಂಡರಿನ ಪೆಟ್ರೋಲ್ ಕಾರು, ಈಗ 1,62,000 ಕಿಲೋಮೀಟರ್ ದಾಟಿದೆ. ಹದಿನೈದು ವರ್ಷ ತುಂಬಿರುವುದರಿಂದ ನೋಂದಣಿ ನವೀಕರಣಕ್ಕೆಂದು ಆರ್‌ಟಿಒ ಕಚೇರಿಗೆ ಒಯ್ಯಬೇಕಾಗಿದೆ. ಅದಕ್ಕೂ ಮುನ್ನ ಒಮ್ಮೆ ಪೂರ್ತಿ ಸರ್ವಿಸ್ ಮಾಡಿಸೋಣವೆಂದು ಮನೆಯ ಹತ್ತಿರದ ಗ್ಯಾರೇಜಿಗೆ ಹೋದಾಗ, ಅಲ್ಲಿಯವರು ಬಾನೆಟ್ಟನ್ನೂ ಎತ್ತದೆ, ಹಳೆಯ ಆಯಿಲಿಗೆ ಒಂದು ಬಾಟಲಿ ಇಂಜಿನ್ ಫ್ಲಶ್, ಟ್ಯಾಂಕಿಗೆ ಒಂದು ಬಾಟಲಿ ಇಂಜೆಕ್ಟರ್ ಕ್ಲೀನರ್, ಹೊಸ ಆಯಿಲಿನ ಜೊತೆಗೆ ಇನ್ನೊಂದು ಬಾಟಲಿ ‘ಟ್ರೀಟ್‌ಮೆಂಟ್’ ಎಂದು ಮೂರು ಬಾಬತ್ತುಗಳನ್ನು ಬರೆದುಕೊಟ್ಟರು.

ಕಾರಿನ ಸ್ಥಿತಿ ಹೀಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡು ಟಕಟಕ ಸದ್ದು ಬಂದು ನಿಲ್ಲುತ್ತದೆ. ಪಿಕಪ್ ಸ್ವಲ್ಪ ಕುಗ್ಗಿದೆ. ಸುಮಾರು 3,000 ಕಿಲೋಮೀಟರಿಗೆ ಅರ್ಧ ಲೀಟರ್ ಆಯಿಲ್ ಹೊಯ್ಯಬೇಕಾಗುತ್ತದೆ, ಆದರೆ ಕಣ್ಣಿಗೆ ಕಾಣುವ ಹೊಗೆಯಿಲ್ಲ. ನಗರದೊಳಗೆ ಲೀಟರಿಗೆ 15 ಇದ್ದ ಮೈಲೇಜ್ 13ಕ್ಕೆ ಇಳಿದಿದೆ. ದಿನದ ಓಟವೆಂದರೆ ಅಮ್ಮನನ್ನು ಮಲ್ಲೇಶ್ವರಕ್ಕೆ ಬಿಟ್ಟು ಹಿಂದಿರುಗುವುದಷ್ಟೇ. ವರ್ಷಕ್ಕೆರಡು ಬಾರಿ ಊರಿಗೆ ಹೋಗುತ್ತೇವೆ. ಹಳೆಯ ಇಂಜಿನ್ನಿಗೆ ಫ್ಲಶ್ ಹಾಕಿದರೆ ಎಲ್ಲಿಲ್ಲದ ಕಡೆ ಲೀಕ್ ಶುರುವಾಗುತ್ತದೆಂದು ಪರಿಚಿತರೊಬ್ಬರು ಹೆದರಿಸಿದ್ದಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಹದಿನಾಲ್ಕರಸ್ಪ್ಯಾನರ್, ಯಶವಂತಪುರ

ಸರ್, ಮೂರೂ ಬಾಟಲಿಗಳನ್ನು ‘ಕ್ಲೀನಿಂಗ್’ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿರುವುದರಿಂದಲೇ ಗೊಂದಲ ಹುಟ್ಟಿದೆ. ಟ್ಯಾಂಕಿಗೆ ಹಾಕುವುದು ಪೆಟ್ರೋಲ್ ಹರಿಯುವ ದಾರಿಯನ್ನು ಮಾತ್ರ ಮುಟ್ಟುತ್ತದೆ, ಫ್ಲಶ್ ಆಯಿಲ್ ಹರಿಯುವ ದಾರಿಯನ್ನು ಮುಟ್ಟುತ್ತದೆ. ನಿಮ್ಮ ಇಂಜಿನ್ನಿನಲ್ಲಿ ಕೊಳೆ ಇದೆಯೇ, ಇದ್ದರೆ ಎಲ್ಲಿದೆ ಎಂಬುದನ್ನು ಯಾರೂ ನೋಡಿಯೇ ಇಲ್ಲ.

ಫ್ಲಶ್ ಎಂದರೆ ಬಹುಮಟ್ಟಿಗೆ ಸೀಮೆಎಣ್ಣೆಯ ಜಾತಿಗೆ ಸೇರಿದ ತೆಳು ದ್ರಾವಕಕ್ಕೆ ಡಿಟರ್ಜೆಂಟ್ ಬೆರೆಸಿದ ದ್ರವ. ಹಳೆಯ ಆಯಿಲಿಗೆ ಸೇರಿಸಿ, ಹತ್ತು ಹದಿನೈದು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು, ಡ್ರೈನ್ ಮಾಡುತ್ತಾರೆ. ನಾವು ಕೆಲಸ ಕಲಿಯುವ ಕಾಲದಲ್ಲಿ ನೇರವಾಗಿ ಸೀಮೆಎಣ್ಣೆಯನ್ನೋ ಡೀಸೆಲನ್ನೋ ಹೊಯ್ದು ತೊಳೆಯುತ್ತಿದ್ದೆವು. ಆ ಹದಿನೈದು ನಿಮಿಷ ಬೇರಿಂಗುಗಳು ಹೇಗೆ ಉಳಿದುಕೊಂಡವೋ, ನೆನೆದರೆ ಈಗ ನಾಚಿಕೆಯಾಗುತ್ತದೆ. ಇಂದಿನ ಫ್ಲಶ್‌ಗಳು ಅಷ್ಟು ಒರಟಲ್ಲ, ಆದರೂ ಆಯಿಲನ್ನು ತೆಳುವಾಗಿಸುತ್ತವೆ. ಆದ್ದರಿಂದ ಫ್ಲಶ್ ಹಾಕಿದ ಮೇಲೆ ಆಕ್ಸಿಲರೇಟರ್ ಒತ್ತಬಾರದು, ಗಾಡಿ ಓಡಿಸಲೂಬಾರದು.

ಅಪಾಯ ಇರುವುದು ಗಸಿ ನಿಜವಾಗಿಯೂ ದಪ್ಪವಾಗಿ ಕಟ್ಟಿರುವ ಇಂಜಿನ್ನಿನಲ್ಲಿ. ಮೊದಲ ಮಳೆಗೆ ರಾಜಕಾಲುವೆಯ ಕಸವೆಲ್ಲ ಒಮ್ಮೆಲೇ ಕೊಚ್ಚಿಬಂದು ಜಾಲರಿಗೆ ಅಡರಿಕೊಳ್ಳುವುದನ್ನು ನೀವು ನೋಡಿರುತ್ತೀರಿ; ಸಂಪಿನ, ಅಂದರೆ ಇಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿಯ, ತಳದಲ್ಲಿ ಆಯಿಲ್ ಪಂಪು ಹೀರುವ ಬಾಯಿಗೆ ಇರುವ ಸ್ಟ್ರೈನರಿನಲ್ಲೂ ನಡೆಯುವುದು ಅದೇ. ಕರಗದೆ ಚೂರುಚೂರಾಗಿ ಕಳಚಿದ ಗಸಿ ಅಲ್ಲಿ ಕಟ್ಟಿಕೊಂಡರೆ ಪ್ರೆಷರ್ ಬೀಳುತ್ತದೆ, ಮೇಲ್ಗಡೆ ವಾಲ್ವುಗಳನ್ನು ತೆರೆಯಿಸುವ ಕ್ಯಾಮ್‌ಶಾಫ್ಟಿಗೆ ಆಯಿಲ್ ತಲುಪುವುದಿಲ್ಲ. ಲೀಕಿನ ವಿಷಯದಲ್ಲಿ ನಿಮ್ಮ ಪರಿಚಿತರು ಹೇಳಿದ್ದು ಅರ್ಧ ನಿಜ. ಫ್ಲಶ್ ಗಟ್ಟಿಮುಟ್ಟಾದ ಸೀಲನ್ನು ಹಾಳುಮಾಡುವುದಿಲ್ಲ. ಬಿಸಿಗೆ ಒಣಗಿ ಸೆಟೆದುಕೊಂಡ ಸೀಲಿನ ಬಿರುಕಿಗೆ ಜಿಡ್ಡೇ ಮೆತ್ತಿಕೊಂಡಿದ್ದರೆ, ಅದನ್ನು ತೊಳೆದುಹಾಕಿ ಅಡಗಿದ್ದ ಲೀಕನ್ನು ಹೊರಗೆ ತರುತ್ತದೆ.

ಹಾಗಾಗಿ ಮೊದಲು ಆಯಿಲ್ ಹೊಯ್ಯುವ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿರಿ. ಲೋಹದ ಮೇಲೆ ಜೇನಿನ ಬಣ್ಣದ ತೆಳು ಲೇಪವಿದ್ದರೆ ಅದು ವಯಸ್ಸಿನ ಗುರುತಷ್ಟೇ, ಅದಕ್ಕೆ ಫ್ಲಶ್ ಬೇಡ. ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿಚು ಪದಾರ್ಥವಿದ್ದರೆ ಅದು ನೀರಾವಿ ಆಯಿಲಿನೊಂದಿಗೆ ಕಲೆತದ್ದು. ಆಯಿಲ್ ಬಿಸಿಯೇರಿ ಆ ನೀರು ಹಾರಿಹೋಗುವಷ್ಟು ಹೊತ್ತು ನಿಮ್ಮ ಮಲ್ಲೇಶ್ವರದ ಓಟದಲ್ಲಿ ಸಿಗುವುದಿಲ್ಲ. ಕೂಲೆಂಟ್ ಕಡಿಮೆಯಾಗುತ್ತಿಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಒಂದು ಭಾನುವಾರ ತುಮಕೂರಿನ ತನಕ ಹೋಗಿಬಂದರೆ ಅದು ಬಹುಪಾಲು ಕಳೆಯುತ್ತದೆ. ಬೆರಳಿಗೆ ಹತ್ತುವ ಕಪ್ಪು ಗಸಿಯಿದ್ದರೆ ಮಾತ್ರ ಚಿಂತೆಯ ವಿಷಯ, ಅದಕ್ಕೂ ಬಾಟಲಿ ಮದ್ದಲ್ಲ. ಹೆಡ್ ಕವರ್ ಬಿಚ್ಚಿ ಕೈಯಿಂದ ತೆಗೆದು, ಸಂಪ್ ಇಳಿಸಿ ಸ್ಟ್ರೈನರ್ ತೊಳೆದು, ಬಳಿಕ 1,500 ಕಿಲೋಮೀಟರಿಗೊಮ್ಮೆಯಂತೆ ಎರಡು ಬಾರಿ ಆಯಿಲನ್ನೂ ಫಿಲ್ಟರನ್ನೂ ಬದಲಿಸಬೇಕು. ಒಳ್ಳೆಯ ಆಯಿಲಿನಲ್ಲಿ ಕೊಳೆ ಬಿಡಿಸುವ ಡಿಟರ್ಜೆಂಟೂ, ಬಿಟ್ಟ ಕೊಳೆಯನ್ನು ತಳಕ್ಕಿಳಿಯಲು ಬಿಡದೆ ತೇಲಿಸಿಡುವ ಡಿಸ್ಪರ್ಸೆಂಟೂ ಮೊದಲೇ ಇರುತ್ತವೆ. ಹೊಸ ಆಯಿಲ್ ಬೇಗ ಕಪ್ಪಾದರೆ ಅದು ಕೆಲಸ ಮಾಡುತ್ತಿದೆಯೆಂದೇ ತಿಳಿಯಬೇಕು. ಇದೇ ಕಾರಣಕ್ಕೆ ಆ ಮೂರನೆಯ ಬಾಟಲಿ, ‘ಟ್ರೀಟ್‌ಮೆಂಟ್’, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಇನ್ನೊಂದು ಮಾತು. ನಮ್ಮ ಊರಿನಲ್ಲಿ ಕಿಲೋಮೀಟರ್ ನೋಡಿ ಆಯಿಲ್ ಬದಲಿಸುವುದೇ ತಪ್ಪು ಲೆಕ್ಕ. ಗಂಟೆಗೆ 60ರ ಸರಾಸರಿಯಲ್ಲಿ 5,000 ಕಿಲೋಮೀಟರ್ ಓಡಿದ ಇಂಜಿನ್ ದುಡಿದದ್ದು 83 ಗಂಟೆ. ಸಿಗ್ನಲ್ಲುಗಳ ನಡುವೆ 15ರ ಸರಾಸರಿಯಲ್ಲಿ ಅಷ್ಟೇ ದೂರ ಹೋದದ್ದು 333 ಗಂಟೆ.

ಆಯಿಲ್ ಕಡಿಮೆಯಾಗುತ್ತಿರುವುದಕ್ಕೆ ಮೊದಲು ಪಿಸಿವಿ ವಾಲ್ವ್, ಅಂದರೆ ಇಂಜಿನ್ನಿನೊಳಗೆ ಕೂಡುವ ಆವಿಯನ್ನು ಹೊರಬಿಡುವ ವಾಲ್ವ್, ಪರೀಕ್ಷಿಸಿರಿ. ಸಣ್ಣ ಬಿಡಿಭಾಗ, ಬಿಚ್ಚಿ ಅಲ್ಲಾಡಿಸಿದರೆ ಒಳಗೆ ಟಿಕ್ ಟಿಕ್ ಎನ್ನಬೇಕು. ಅಂಟಿಕೊಂಡಿದ್ದರೆ ಇಂಜಿನ್ನಿನೊಳಗೆ ಒತ್ತಡ ಹೆಚ್ಚಿ ಆಯಿಲ್ ಸಿಕ್ಕ ದಾರಿಯಲ್ಲಿ ಹೊರಟುಹೋಗುತ್ತದೆ. ಅದು ಸರಿಯಿದ್ದರೆ ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಪರೀಕ್ಷೆ, ಮಾಡಿಸಿರಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟಾಗ ಅಂಕಿ ಏರಿದರೆ ದೋಷ ಪಿಸ್ಟನ್ ರಿಂಗಿನದು, ಏರದಿದ್ದರೆ ವಾಲ್ವಿನ ಕಡೆಯದು.

ಮೂರನೇಬ್ಲಾಕ್, ಜಯನಗರ

ಮೇಲಿನವರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯ. ನಾನು 1,40,000 ಓಡಿದ ನನ್ನ ಕಾರಿಗೆ ಈವರೆಗೆ ಮೂರು ಬಾರಿ ಫ್ಲಶ್ ಹಾಕಿಸಿದ್ದೇನೆ, ಒಂದು ಹನಿ ಲೀಕ್ ಆಗಿಲ್ಲ. ಆದರೆ ಆ ಕಾರಿನ ಆಯಿಲ್ ಒಮ್ಮೆಯೂ ತಡವಾಗಿ ಬದಲಾಗಿಲ್ಲವೆಂಬುದನ್ನೂ ಹೇಳಬೇಕು.

ಹದಿನಾಲ್ಕರಸ್ಪ್ಯಾನರ್, ಯಶವಂತಪುರ

ಹಾಗಿದ್ದರೆ ತೊಳೆಯಲು ಒಳಗೆ ಏನಿತ್ತು ಸ್ವಾಮಿ?

ಎಂಪಿಎಫ್‌ಐ, ಬನಶಂಕರಿ

ಟ್ಯಾಂಕಿನ ಬಾಟಲಿಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಅದನ್ನು ನಾನು ಫ್ಲಶ್‌ನಷ್ಟು ಅನುಮಾನಿಸುವುದಿಲ್ಲ. ಲೇಬಲ್ಲಿನಲ್ಲಿ ಪಿಇಎ, ಅಂದರೆ ಪಾಲಿಈಥರಮೈನ್, ಇದೆಯೇ ನೋಡಿರಿ. ಇಂಜೆಕ್ಟರಿನ ತುದಿಗೂ ವಾಲ್ವಿನ ಬೆನ್ನಿಗೂ ಕಟ್ಟುವ ಕಾರ್ಬನ್ನನ್ನು ಬಿಡಿಸುವುದರಲ್ಲಿ ಅದು ಹೆಸರಾದ ರಾಸಾಯನಿಕ. ನಿಮ್ಮ ಇಂಜಿನ್ನಿನಲ್ಲಿ ಇಂಜೆಕ್ಟರ್ ವಾಲ್ವಿನ ಹಿಂದೆ ಸಿಂಪಡಿಸುವುದರಿಂದ ಔಷಧಿ ವಾಲ್ವಿಗೂ ತಗಲುತ್ತದೆ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮುವ ಡೈರೆಕ್ಟ್ ಇಂಜೆಕ್ಷನ್ ಕಾರುಗಳಲ್ಲಿ ಆ ಭಾಗ್ಯವಿಲ್ಲ. ಹಾಕುವುದಾದರೆ ಆಯಿಲ್ ಬದಲಿಸುವುದಕ್ಕೆ ಮುಂಚಿನ ಟ್ಯಾಂಕಿಗೆ ಹಾಕಿರಿ. ಉರಿಯದೆ ಉಳಿದದ್ದು ರಿಂಗುಗಳನ್ನು ದಾಟಿ ಆಯಿಲಿಗೆ ಸೇರಿದರೂ, ಆ ಆಯಿಲ್ ಹೇಗೂ ಹೊರಹೋಗುತ್ತದೆ.

ಆದರೆ ಮೈಲೇಜ್ ಪೂರ್ತಿ ಹಿಂದಿರುಗೀತೆಂದು ಎಣಿಸಬೇಡಿರಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರ ತನಕ ಎಥನಾಲ್ ಇರುತ್ತದೆ, ಲೀಟರ್ ಲೆಕ್ಕದಲ್ಲಿ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇ. 6ರಿಂದ 7ರಷ್ಟು ಇಳಿಕೆಯಾಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ನಿಮ್ಮ 15 ಕಿಲೋಮೀಟರಿನಲ್ಲಿ ಅದೇ ಒಂದು ಕಿಲೋಮೀಟರ್ ಆಯಿತು, ಅದನ್ನು ಯಾವ ಬಾಟಲಿಯೂ ತಂದುಕೊಡಲಾರದು.

ನೀವು ನೋಂದಣಿ ನವೀಕರಣದ ಮಾತೆತ್ತಿದ್ದರಿಂದ ಎಮಿಷನ್ ಟೆಸ್ಟಿಗೆ (ಹೊಗೆ ಪರೀಕ್ಷೆಗೆ) ಸಂಬಂಧಿಸಿ: 2010ರ ಏಪ್ರಿಲ್ ನಂತರ ಬೆಂಗಳೂರಿನಲ್ಲಿ ಕೊಂಡ ಹೊಸ ಕಾರು ಬಿಎಸ್ 4 (ಭಾರತ್ ಸ್ಟೇಜ್ 4 ಎಂಬ ಹೊಗೆ ಮಾನದಂಡದ್ದು) ಆಗಿರುತ್ತದೆ. ಅದಕ್ಕೆ ಐಡ್ಲಿಂಗಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.3, ಹೈಡ್ರೋಕಾರ್ಬನ್ 200 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 200) ಮಿತಿ. ನನ್ನ ಕಾರಿನಲ್ಲಿ ಪಿಇಎ ಬಳಸಿದ ಮೇಲೆ ಹೈಡ್ರೋಕಾರ್ಬನ್ ಇಳಿದದ್ದು ನಿಜ, ಆದರೆ ಅದೇ ವಾರ ಸ್ಪಾರ್ಕ್ ಪ್ಲಗ್ಗನ್ನೂ ಏರ್ ಫಿಲ್ಟರನ್ನೂ ಬದಲಿಸಿದ್ದೆ. ಕೀರ್ತಿ ಯಾರಿಗೆ ಸಲ್ಲಬೇಕೆಂದು ಇಂದಿಗೂ ತೀರ್ಮಾನವಾಗಿಲ್ಲ.

ಹಳೆಬಂಡಿ, ರಾಜಾಜಿನಗರ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಮುಚ್ಚಳ ತೆಗೆದು ನೋಡಿದೆ. ಕ್ಯಾಮ್‌ಶಾಫ್ಟಿನ ಮೇಲೆ ಜೇನಿನ ಬಣ್ಣದ ಲೇಪವಿದೆ, ಮುಚ್ಚಳದ ಅಂಚಿನಲ್ಲಿ ಮಾತ್ರ ಉಗುರಿನಷ್ಟು ಬಿಳಿ ಪದಾರ್ಥವಿತ್ತು. ಕೂಲೆಂಟ್ ಗೆರೆಯಲ್ಲೇ ಇದೆ. ಬೇರೊಂದು ಗ್ಯಾರೇಜಿನ ಹುಡುಗ ಪಿಸಿವಿ ವಾಲ್ವ್ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಸದ್ದೇ ಇಲ್ಲ, ಜಿಡ್ಡಿನಲ್ಲಿ ಹೂತುಹೋಗಿತ್ತು. ಜೆ.ಸಿ. ರಸ್ತೆಯಿಂದ ಹೊಸದನ್ನು ತಂದು ಹಾಕಿಸಿದ್ದೇನೆ. ಫ್ಲಶ್ ಕೈಬಿಟ್ಟೆ. ಪಿಇಎ ಇರುವ ಬಾಟಲಿಯನ್ನು ಈ ಟ್ಯಾಂಕಿಗೆ ಹಾಕಿ, ಊರಿಗೆ ಹೋಗಿಬಂದು ಆಯಿಲ್ ಬದಲಿಸುತ್ತೇನೆ. ಬೆಳಗಿನ ಟಕಟಕ ಹಾಗೆಯೇ ಇದೆ.

ಹದಿನಾಲ್ಕರಸ್ಪ್ಯಾನರ್, ಯಶವಂತಪುರ

ಆ ಸದ್ದಿಗೆ ಆಯಿಲ್ ಫಿಲ್ಟರ್ ಕಾರಣವಿರಬಹುದು. ಗಾಡಿ ನಿಂತಾಗ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಅಗ್ಗದ ಫಿಲ್ಟರಿನಲ್ಲಿ ಬೇಗ ಸೋಲುತ್ತದೆ. ಕಂಪನಿಯ ಅಸಲಿ ಫಿಲ್ಟರನ್ನೇ ಹಾಕಿಸಿರಿ. ಆಮೇಲೂ ಸದ್ದು ಉಳಿದರೆ ಟೈಮಿಂಗ್ ಚೈನನ್ನು, ಅಂದರೆ ಕ್ಯಾಮ್‌ಶಾಫ್ಟ್ ತಿರುಗಿಸುವ ಸರಪಳಿಯನ್ನು, ಬಿಗಿಯಾಗಿಡುವ ಟೆನ್ಷನರ್ ತೋರಿಸಬೇಕು. ಆಯಿಲಿನ ಗ್ರೇಡನ್ನು ಕಾರಿನ ಪುಸ್ತಕದಲ್ಲಿರುವಂತೆಯೇ ಇಡಿರಿ, ಹಳೆಯ ಗಾಡಿಯೆಂದು 20ಡಬ್ಲ್ಯೂ50ಯಂಥ ದಪ್ಪ ಆಯಿಲ್ ಹೊಯ್ಯಲು ಬಂದರೆ ಬೇಡವೆನ್ನಿರಿ. ಹೊಸ ಆಯಿಲ್ ಹಾಕಿದ ದಿನದಿಂದ 500 ಕಿಲೋಮೀಟರಿಗೊಮ್ಮೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ, ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ ಬರೆದಿಡಿರಿ. 1,500 ಆದ ಮೇಲೆ ಆ ಲೆಕ್ಕವನ್ನು ಇಲ್ಲಿ ಹಾಕಿದರೆ ರಿಂಗಿನ ಮಾತು ಎತ್ತಬೇಕೋ ಬೇಡವೋ ಹೇಳಬಹುದು.